ಇಟಲಿ, ಹುಬ್ಬಳ್ಳಿ ಮಾರ್ಗವಾಗಿ

ಇಟಲಿ ದೇಶದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಹುಬ್ಬಳ್ಳಿಯ ಒಂದು ಟಾಕೀಜಿನ ಬಾಲ್ಕನಿಯಲ್ಲಿ ಕುಳಿತು ತಿಳಿದದ್ದು. ಅಲ್ಲಿ ಸದಾ ಬಿಸಿಲು. ಆದರೆ ಅದು ನಮ್ಮೂರಾದ ಸಂಶಿಯ ಬಿಸಿಲಿನ ಹಾಗೆ ನೆತ್ತಿ ಸುಡುವುದಿಲ್ಲ. ಹೆಂಗಸರ ಕೂದಲಿಗೆ ಬಂಗಾರದ ಬಣ್ಣ ಹಚ್ಚಿ ಸುಮ್ಮನಾಗುತ್ತದೆ. ಓಣಿಗೊಂದು ಕಾರಂಜಿ ಇದೆ. ಅದರ ಮುಂದೆ ಯಾರೂ ಕೊಡ ಹಿಡಿದು ಪಾಳಿ ಹಚ್ಚುವುದಿಲ್ಲ, ಕಟ್ಟೆಯ ಮೇಲೆ ಕೂತು ಕಾಲು ಇಳಿಬಿಟ್ಟು ಅಳುತ್ತಾರೆ. ಊಟದ ಅಂಗಡಿಗಳು ಬೀದಿಯಲ್ಲೇ ಇರುತ್ತವೆ. ಊಟ ಬರುತ್ತದೆ, ಅಷ್ಟರಲ್ಲಿ ಏನೋ ಮಾತಿಗೆ ಮನಸ್ಸು ಮುರಿದು ತಟ್ಟೆಯನ್ನು ಹಾಗೇ ಬಿಟ್ಟು ಎದ್ದು ಹೋಗುತ್ತಾರೆ. "ಉಣ್ಣೂ ಅನ್ನಾ ಬಿಟ್ಟ ಏಳಬ್ಯಾಡ" ಎಂದು ಗದರಿಸುವ ಅವ್ವ ಆ ದೇಶದಲ್ಲಿ ಇಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಸಂಶಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಗಣಿತ ಕಲಿಸುವ ಶಾರದಾ ನನ್ನ ಗೆಳತಿ. ರವಿವಾರ ಬೆಳಗಿನ ರೈಲು ಹಿಡಿದು ಇಬ್ಬರೂ ಹುಬ್ಬಳ್ಳಿಗೆ ಹೋಗುತ್ತಿದ್ದೆವು. ಮನೆಯಲ್ಲಿ ಹೇಳುವ ಕಾರಣ ಗ್ರಂಥಾಲಯ. ಗ್ರಂಥಾಲಯಕ್ಕೂ ಹೋಗುತ್ತಿದ್ದೆವು, ಅದು ಬೆಳಗಿನ ಇಂಗ್ಲಿಷ್ ಸಿನಿಮಾ ಬಿಟ್ಟ ಮೇಲೆ. ಇಂಗ್ಲಿಷ್ ನನಗೆ ಶಾರದಾಳಿಗಿಂತ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ನಮ್ಮಿಬ್ಬರಲ್ಲಿಯೂ ಇದ್ದುದರಿಂದ ಅರ್ಥ ಹೇಳುವ ಕೆಲಸ ನನ್ನದು.

"ಏನಂದ್ಲು ಆಕಿ?" ಎಂದು ಶಾರದಾ ಕತ್ತಲಲ್ಲಿ ಕೇಳುವಳು.

"ನೀ ಅಂದ್ರ ನನಗ ಜೀವಾ ಅಂದ್ಲು" ಎಂದು ನಾನು ಹೇಳಿ ಮುಗಿಸುವುದರೊಳಗೆ ತೆರೆಯ ಮೇಲಿನವಳು ಅವನ ಕೆನ್ನೆಗೆ ಫಟಾರೆಂದು ಬಾರಿಸುವಳು. ಶಾರದಾ ನನ್ನ ಕಡೆ ತಿರುಗಿ ನೋಡುವಳು. ನಾನು ತೆರೆಯನ್ನೇ ನೋಡುವೆನು.

ಭಾಷೆ ಕೈಕೊಟ್ಟರೂ ಕತೆ ಕೈಕೊಡುತ್ತಿರಲಿಲ್ಲ, ಯಾಕೆಂದರೆ ಕತೆ ಹೆಚ್ಚುಕಡಿಮೆ ಒಂದೇ. ಚಳಿಯ ದೇಶದಿಂದ ಒಬ್ಬ ಹೆಣ್ಣುಮಗಳು ಒಂದು ಪೆಟ್ಟಿಗೆ ಹಿಡಿದು ಒಬ್ಬಳೇ ಇಟಲಿಯಲ್ಲಿ ಇಳಿಯುತ್ತಾಳೆ. ಆಕೆಗೆ ಸುಖವಿಲ್ಲ, ಆದರೆ ಅದು ಆಕೆಗೇ ಗೊತ್ತಿಲ್ಲ. ಒಬ್ಬ ಗಂಡಸು ಸ್ಕೂಟರಿನ ಮೇಲೆ ಬರುತ್ತಾನೆ. ಕೊನೆಯ ರೀಲಿನ ಹೊತ್ತಿಗೆ ಆಕೆ ಅವನನ್ನು ಪಡೆಯಲಿ ಬಿಡಲಿ, ತನ್ನನ್ನು ತಾನು ಕಂಡುಕೊಂಡಿರುತ್ತಾಳೆ. ಇದೇ ನನಗೆ ತಿಳಿಯದ ವಿಷಯ. ಕಂಡುಕೊಳ್ಳಬೇಕಾದರೆ ಮೊದಲು ಕಳೆದುಕೊಂಡಿರಬೇಕಲ್ಲ? ನಾನು ಕೊಡೆ ಕಳೆದಿದ್ದೆ, ಪೆನ್ನು ಕಳೆದಿದ್ದೆ. ನನ್ನನ್ನು ನಾನು ಎಲ್ಲಿಯೂ ಬಿಟ್ಟು ಬಂದ ನೆನಪಿರಲಿಲ್ಲ. ತನ್ನನ್ನು ತಾನು ಅರಿಯಬೇಕು ಎಂದು ನಮ್ಮ ಹಿರಿಯರೂ ಹೇಳುತ್ತ ಬಂದಿದ್ದಾರೆ. ಆದರೆ ಅದಕ್ಕೆ ನಮ್ಮಲ್ಲಿ ವಿಭೂತಿ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂಡಬೇಕು. ಇಟಲಿಯಲ್ಲಿ ಕಣ್ಣು ತೆರೆದು ತಿರುಗಾಡಬೇಕು, ನಡುನಡುವೆ ಕಾಫಿ ಕುಡಿಯಬೇಕು. ಎರಡೂ ದಾರಿ ಒಂದೇ ಊರಿಗೆ ಹೋಗುತ್ತವೆಯೇ ಎಂದು ರೈಲಿನಲ್ಲಿ ಶಾರದಾಳನ್ನು ಕೇಳಿದರೆ ಆಕೆ, "ಮದಲ ಈ ರೈಲು ನಮ್ಮೂರಿಗಿ ಮುಟ್ಟಿದ್ರ ಸಾಕು" ಎಂದಳು.

ಒಂದು ಸಿನಿಮಾ ಮಾತ್ರ ನನ್ನನ್ನು ಬಹಳ ಕಾಡಿತು. ತಂಗಿಯ ಮದುವೆಗೆಂದು ಇಟಲಿಯ ಸಮುದ್ರದಂಡೆಯ ಊರಿಗೆ ಬಂದ ಅಕ್ಕನ ಕತೆ. ಮದುವೆ ಮುರಿದು ತಂಗಿ ವಾಪಸು ಹೋಗುತ್ತಾಳೆ, ಅಕ್ಕ ಉಳಿಯುತ್ತಾಳೆ. ಲಿಂಬೆ ತೋಟದ ಒಬ್ಬ ರೈತ ಆಕೆಗೆ ಈಜು ಕಲಿಸುತ್ತಾನೆ. ಮೊದಲು ನೀರು ಕಂಡರೆ ಹೆದರುತ್ತಿದ್ದವಳು ಒಂದು ದಿನ ಅವನ ಕೈ ಬಿಟ್ಟು ದೂರ ದೂರ ಈಜಿ ಹೋಗಿ, ಅಲ್ಲಿಂದ ತಿರುಗಿ ನೋಡಿ ನಗುತ್ತಾಳೆ. ಕೊನೆಗೆ ಅವನು ಮದುವೆಯಾಗು ಎನ್ನುತ್ತಾನೆ. ಆಕೆ ಅವನ ಹಣೆಗೆ ಮುತ್ತಿಟ್ಟು ರೈಲು ಹತ್ತುತ್ತಾಳೆ. ನಾನು ಅತ್ತೆ. ಯಾಕೆ ಅತ್ತೆ ಎಂದು ತಿಳಿಯಲಿಲ್ಲ. ಆಕೆ ಹೋದದ್ದು ನನಗೆ ಸರಿಯಾಗಿಯೇ ಕಂಡಿತ್ತು.

ಇದಾದ ಕೆಲವು ವಾರಕ್ಕೆ ನಮ್ಮ ಮನೆಗೆ ಕನ್ಯೆ ನೋಡಲು ಬಂದರು. ವರ ಶಿವಾನಂದ, ತಂಬೂರಿನವರು, ಕಲಘಟಗಿಯಲ್ಲಿ ದನದ ಡಾಕ್ಟರು. ಜೊತೆಗೆ ಅವರ ತಾಯಿ ಮತ್ತು ದೊಡ್ಡಪ್ಪ. ತಂದೆ ಇಲ್ಲದ ಆ ಮನೆಯಲ್ಲಿ ದೊಡ್ಡಪ್ಪನದೇ ಮಾತು. ನಾನು ಇಳಕಲ್ಲ ಸೀರೆ ಉಟ್ಟು ಶಿರಾ, ಚೂಡಾ ತಂದಿಟ್ಟು ಜಮಖಾನದ ತುದಿಯಲ್ಲಿ ಕೂತೆ. ವರ ಚೂಡಾದೊಳಗಿನ ಶೇಂಗಾಕಾಳು ಆರಿಸಿ ತಿನ್ನುತ್ತಿದ್ದರು, ತಲೆ ಎತ್ತಿರಲಿಲ್ಲ.

"ರವಿವಾರ ಸೂಟಿ ಇರ್ತೈತಲ್ಲವಾ, ಏನ್ ಮಾಡ್ತಿ?" ಎಂದು ದೊಡ್ಡಪ್ಪ ಕೇಳಿದರು.

ರಂಗೋಲಿ, ಕಸೂತಿ ಎಂದು ಹೇಳಲು ಅವ್ವ ಕಲಿಸಿದ್ದಳು. ಅದು ಯಾಕೋ ಬಾಯಿಗೆ ಬರಲಿಲ್ಲ. "ಹುಬ್ಬಳ್ಳಿಗಿ ಹೋಗಿ ಇಂಗ್ಲಿಷ್ ಸಿನಿಮಾ ನೋಡ್ತೀನ್ರಿ" ಎಂದೆ.

ಅಪ್ಪ ಕೆಮ್ಮಿದ. ಆಗ ವರ ಮೊದಲ ಸಲ ತಲೆ ಎತ್ತಿದರು. "ಲಿಂಬಿ ತ್ವಾಟದ್ದು ನೋಡಿದ್ರೇನು? ಇಟಲಿದು?"

"ನೋಡೀನ್ರಿ."

"ನಾನೂ ನೋಡೀನಿ. ಔಷಧ ತರಾಕ ಹೋದಾಗ. ಆಕಿ ಹೋಗಿಬಿಟ್ಲಲ್ರಿ… ಆತ ಮುಂದ ಏನ್ ಮಾಡಿದ್ನೋ ಅಂತ ನನಗ ಇನ್ನೂ ವಿಚಾರ ಬರ್ತೈತಿ."

ಇಷ್ಟು ದಿನ ಆ ಸಿನಿಮಾದ ಬಗ್ಗೆ ಯೋಚಿಸಿದ್ದೆ, ಈ ಪ್ರಶ್ನೆ ಮಾತ್ರ ನನಗೆ ಹೊಳೆದಿರಲಿಲ್ಲ. ಹೊಳೆಯಲಿಲ್ಲವಲ್ಲ ಎಂಬ ಸಿಟ್ಟಿಗೋ ಏನೋ ನನ್ನ ದನಿ ಏರಿತು. "ಆತನ ವಿಚಾರ ಯಾಕ್ರಿ? ಕತಿ ಆಕೀದು. ಆಕಿ ತನ್ನ ಜೀವಮಾನದಾಗ ಒಮ್ಮೆ ತನಗ ಬೇಕಾದ್ದ ಮಾಡ್ಯಾಳ."

"ಮಾಡ್ಲಿ, ಬ್ಯಾಡ ಅನ್ನಾಂಗಿಲ್ಲ. ಆದ್ರ ಈಸು ಕಲಿಸಿದಾಂವ ದಂಡಿ ಮ್ಯಾಲೆ ಉಳದ್ನಲ್ರಿ. ಆತಗೂ ಒಂದ ಮನಸ್ಸು ಇರ್ತೈತಲ್ಲ?"

"ಹಂಗಾರ ಆತನ ಸಲುವಾಗಿ ಆಕಿ ಅಲ್ಲೇ ಕುಂತ ಲಿಂಬಿಹಣ್ಣ ಎಣಸಬೇಕಾಗಿತ್ತೇನು?"

ಅವರು ಉತ್ತರಕ್ಕೆಂದು ಬಾಯಿ ತೆರೆದರು. ಅಷ್ಟರಲ್ಲಿ ದೊಡ್ಡಪ್ಪ ಟೊಪ್ಪಿಗೆ ತಲೆಗಿಟ್ಟು ಎದ್ದು ನಿಂತರು. "ಹೋಗೂಣು ನಡೀರಿ, ಬಸ್ಸಿನ ವ್ಯಾಳ್ಯಾ ಆತು" ಎಂದರು. ಹೊಸ್ತಿಲು ದಾಟುವಾಗ ತಮ್ಮಷ್ಟಕ್ಕೆ ಎಂಬಂತೆ, "ಬಾಯಿ ಭಾಳ ಜೋರೈತಿ" ಎಂದದ್ದು ಎಲ್ಲರಿಗೂ ಕೇಳಿಸಿತು. ಎರಡು ದಿನ ಬಿಟ್ಟು ನಡುವಿನವರ ಮೂಲಕ ಸುದ್ದಿ ಬಂತು, ಈ ಸಂಬಂಧ ಬೇಡವಂತೆ. ಅವ್ವ ಅತ್ತಳು, ಸಿನಿಮಾಕ್ಕೆ ಬೈದಳು, ಇಡೀ ಇಟಲಿ ದೇಶಕ್ಕೆ ಬೈದಳು.

ನನಗೆ ದುಃಖವಾಗಲಿಲ್ಲ ಎಂದುಕೊಂಡೆ. ಬೇಡವೆಂದ ವರ ಇವರೇ ಮೊದಲಿನವರಲ್ಲ. ಆದರೆ ವರ್ಗದಲ್ಲಿ ಪಾಠ ಮಾಡುವಾಗ, ರೊಟ್ಟಿ ಬಡಿಯುವಾಗ ಆ ಮನುಷ್ಯನೊಡನೆ ನಾನು ಮನಸ್ಸಿನಲ್ಲೇ ವಾದ ಮುಂದುವರಿಸಿದ್ದೆ. ಒಮ್ಮೆ ನಾನು ಗೆಲ್ಲುತ್ತಿದ್ದೆ, ಒಮ್ಮೆ ಅವರು. ಅವರು ಏನು ಹೇಳಲು ಬಾಯಿ ತೆರೆದಿದ್ದರು ಎಂಬ ಕುತೂಹಲ ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕ ಎಳೆಯಂತೆ ಬಿಡದೆ ಕಾಡಿತು. ಇದನ್ನು ಶಾರದಾಳಿಗೆ ಹೇಳಿದೆ. ಆಕೆ ನನ್ನ ಮುಖ ನೋಡಿ, "ನಮ್ಮಕ್ಕ ಹಡದಾಳ. ತವರಮನಿಂದ ತೊಟ್ಲಾ ಒಯ್ಯಬೇಕು. ತೊಟ್ಲಾ ಅಂದ್ರ ಕಲಘಟಗಿದು. ಬರ್ತೀಯೇನು?" ಎಂದಳು. ಗಣಿತದವರು ಹೀಗೆ, ನಡುವಿನ ಹೆಜ್ಜೆಗಳನ್ನು ಹೇಳದೆ ಉತ್ತರಕ್ಕೆ ಬಂದುಬಿಡುತ್ತಾರೆ.

ಕಲಘಟಗಿಯ ಬಣ್ಣದ ತೊಟ್ಟಿಲು ನಮ್ಮ ಕಡೆ ಹೆಸರುವಾಸಿ. ಶಾರದಾ ಬಡಿಗೇರರ ಮನೆಯಲ್ಲಿ ತೊಟ್ಟಿಲು ಆರಿಸುತ್ತ ಕೂತಾಗ ನಾನು ದನದ ದವಾಖಾನೆಗೆ ಹೋದೆ. ಡಾಕ್ಟರು ಒಂದು ಎಮ್ಮೆಯ ಬಾಯಿ ಅಗಲಿಸಿ ಬಿದಿರಿನ ಗೊಟ್ಟದಿಂದ ಔಷಧ ಹೊಯ್ಯುತ್ತಿದ್ದರು. ಎಮ್ಮೆಯ ಯಜಮಾನ ಕೊಂಬು ಹಿಡಿದಿದ್ದ.

"ಬರ್ರಿ. ಯಾವ ದನಾ?" ಎಂದರು, ತಿರುಗದೆಯೇ.

"ದನಾ ಇಲ್ರಿ. ನಾನ ಬಂದೀನಿ."

ತಿರುಗಿದರು. ಅರ್ಧ ಔಷಧ ಅವರ ಅಂಗಿಯ ಮೇಲೆ ಬಿತ್ತು. ಎಮ್ಮೆಗೆ ಸಮಾಧಾನವಾದಂತೆ ಕಂಡಿತು.

"ಅವತ್ತ ಮಾತು ಅರ್ಧಕ್ಕ ನಿಂತಿತ್ತು" ಎಂದೆ. "ಪೂರಾ ಮಾಡೂಣಂತ ಬಂದೆ. ನಿಮ್ಮ ದೊಡ್ಡಪ್ಪಾರು ಬ್ಯಾಡ ಅಂದ್ರು. ನೀವೂ ಬ್ಯಾಡ ಅಂದ್ರೇನು?"

ಅವರು ನೀರಿನ ಬಾನಿಯ ಕಡೆ ಹೋಗಿ ಸಾಬೂನು ಹಚ್ಚಿ ಬಹಳ ಹೊತ್ತು ಕೈ ತೊಳೆದರು. "ನನ್ನ ಯಾರೂ ಕೇಳಲೇ ಇಲ್ರಿ" ಎಂದರು.

"ನಾ ಕೇಳಾಕತ್ತೀನಿ."

ಎಮ್ಮೆಯ ಯಜಮಾನನ ಬಾಯಿ ಈಗ ಗೊಟ್ಟವಿಲ್ಲದೆಯೇ ತೆರೆದಿತ್ತು. ಡಾಕ್ಟರು ಕೈ ಒರೆಸಿಕೊಂಡು ನನ್ನೆದುರು ಬಂದು ನಿಂತರು. "ನೀವು ನೌಕರಿ ಬಿಟ್ಟು ಕಲಘಟಗಿಗಿ ಬರ್ತೀರೇನು?"

ನೋಡೋಣ, ಹಿರಿಯರು ಹೇಳಿದಂತೆ ಆಗಲಿ ಎಂದು ಹೇಳುವೆನೆಂದೇ ನಾನು ಅಂದುಕೊಂಡಿದ್ದೆ. ಅಷ್ಟು ದೂರ ಹೋದವಳು ಇನ್ನೇನು ಹೇಳಬೇಕು? ಆದರೆ ನನ್ನ ಬಾಯಿಂದ ಬಂದ ಮಾತು "ಇಲ್ರಿ." ಅದು ಎಷ್ಟು ಸ್ಪಷ್ಟವಾಗಿ ಬಂತೆಂದರೆ ನಾನೇ ಬೆಚ್ಚಿದೆ. ನನ್ನ ವರ್ಗ, ಆ ಹುಡುಗಿಯರು, ಗೋಡೆಯ ಮೇಲಿನ ಹರಿದ ನಕ್ಷೆ, ಇವೆಲ್ಲ ನನಗೆ ಅಷ್ಟು ಬೇಕಾಗಿದ್ದವೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಈ ಮನುಷ್ಯನೂ ಅಷ್ಟೇ ಬೇಕಾಗಿದ್ದಾನೆಂಬುದು ಅದೇ ಕ್ಷಣಕ್ಕೆ ತಿಳಿಯಿತು. ಸಿನಿಮಾದವರು ಇಂಥ ಹೊತ್ತಿಗೆ ಸಮುದ್ರ ತೋರಿಸುತ್ತಾರೆ. ನನಗೆ ಸಿಕ್ಕದ್ದು ಸಗಣಿಯ ವಾಸನೆ, ಫಿನಾಯಿಲಿನ ವಾಸನೆ.

"ನಾನೂ ಇಲ್ಲಿಂದ ಬಿಟ್ಟ ಬರಾಕ ಆಗಂಗಿಲ್ರಿ" ಎಂದರು ಅವರು ನಿಧಾನವಾಗಿ. "ಸುತ್ತ ಹಳ್ಳಿ ದನಕ್ಕೆಲ್ಲಾ ನಾ ಒಬ್ಬನ ಅದೀನಿ."

"ಹಂಗಾರ ಏನ್ ಮಾಡೂದ್ರಿ?"

ನಾನು ಹೊರಡಬೇಕೆಂದು ಸೆರಗು ಸರಿ ಮಾಡಿಕೊಂಡೆ. ಆಗ ಅವರು, "ನಡುವ ಹುಬ್ಬಳ್ಳಿ ಐತಲ್ರಿ" ಎಂದರು.

ಮಾತು ಇಷ್ಟಕ್ಕೇ ನಿಂತಿದ್ದರೆ ದೊಡ್ಡಪ್ಪನನ್ನು ಒಪ್ಪಿಸುವಷ್ಟರಲ್ಲಿ ನನಗೆ ನರೆ ಬರುತ್ತಿತ್ತು. ಕೆಲಸ ಮಾಡಿದ್ದು ಶಾರದಾಳ ತೊಟ್ಟಿಲು. ಅದನ್ನು ಬಸ್‌ಸ್ಟ್ಯಾಂಡಿಗೆ ತರಲು ಆಳು ಸಿಗಲಿಲ್ಲ. ನಮ್ಮನ್ನು ಬಸ್ಸು ಹತ್ತಿಸಲು ಬಂದ ಡಾಕ್ಟರು ತಾವೇ ಅದನ್ನು ಹೆಗಲಿಗೇರಿಸಿಕೊಂಡು, ಪೇಟೆಯ ನಡುವೆ ನಡೆದು, ಏಣಿ ಹತ್ತಿ ಬಸ್ಸಿನ ಮೇಲೆ ಕಟ್ಟಿದರು. ಕೆಳಗೆ ನಿಂತು ನಾನು, "ಸಾವಕಾಶ ರಿ, ಬಣ್ಣಾ ಹೋಗ್ತೈತಿ" ಎಂದೆ. ಅದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಬೇಕಾಗಿರಲಿಲ್ಲ. ಮದುವೆಯಾಗದ ದನದ ಡಾಕ್ಟರು ಸಂಶಿಯ ಮಾಸ್ತರಣಿಗೆ ತೊಟ್ಟಿಲು ಕೊಡಿಸಿದರೆಂಬ ಸುದ್ದಿ ನಾವು ಹುಬ್ಬಳ್ಳಿ ಮುಟ್ಟುವ ಮೊದಲೇ ತಂಬೂರು ಮುಟ್ಟಿತ್ತು. ಆ ವಾರದಲ್ಲೇ ದೊಡ್ಡಪ್ಪ ನಮ್ಮ ಮನೆಗೆ ಬಂದು, ಚಹಾ ಕೂಡ ಮುಟ್ಟದೆ, "ಲಗೂನ ಲಗ್ನಾ ಮಾಡಿಬಿಡೂಣ್ರಿ" ಎಂದು ಅಪ್ಪನ ಕೈ ಹಿಡಿದರು. ಅವ್ವ ಮತ್ತೆ ಅತ್ತಳು. ಅವರು ಹೋದ ಮೇಲೆ ಅಪ್ಪ ನನ್ನನ್ನು ಒಬ್ಬಳನ್ನೇ ಕರೆದ. ಬೈಯುತ್ತಾನೆಂದು ತಲೆ ತಗ್ಗಿಸಿ ನಿಂತೆ.

"ತೊಟ್ಲಾ ಛಲೋ ಸಿಕ್ತೇನು?" ಎಂದು ಕೇಳಿದ.

ಮದುವೆಯಾಯಿತು. ನಾನು ಸಂಶಿಯಲ್ಲೇ ಇದ್ದೆ, ಅವರು ಕಲಘಟಗಿಯಲ್ಲೇ. ರವಿವಾರ ನಾನು ರೈಲಿಗೆ, ಅವರು ಬಸ್ಸಿಗೆ ಹುಬ್ಬಳ್ಳಿಗೆ ಬರುತ್ತಿದ್ದೆವು. ಅಂದು ದವಾಖಾನೆಯಲ್ಲಿ ಯಾವುದೋ ಆಕಳು ಈಯುವುದಿದ್ದರೆ ಅವರು ಬರುತ್ತಿರಲಿಲ್ಲ. ನಾನು ಸ್ಟ್ಯಾಂಡಿನಲ್ಲಿ ಕಾದು, ಸಿಟ್ಟಾಗಿ, ಒಬ್ಬಳೇ ಸಿನಿಮಾ ನೋಡಿ ಬರುತ್ತಿದ್ದೆ. ನೋಡಿದ ಸಿನಿಮಾಗಳ ಬಗ್ಗೆ ನಮ್ಮ ಅಭಿಪ್ರಾಯ ಒಮ್ಮೆಯೂ ಕೂಡಲಿಲ್ಲ. ಲಿಂಬೆ ತೋಟದವನ ಮುಂದಿನ ಗತಿಯನ್ನಂತೂ ನಾವು ಬಗೆಬಗೆಯಾಗಿ ಬರೆದುಕೊಂಡೆವು. ಅವರ ಪ್ರಕಾರ ಅವನು ತೋಟ ಮಾರಿ ಆಕೆಯ ಊರಿಗೆ ಹೋದ. ನನ್ನ ಪ್ರಕಾರ ಅವನೂ ಈಜುತ್ತ ಎಲ್ಲಿಗೋ ಹೋದ.

ಸಿನಿಮಾ ಬಿಟ್ಟ ಮೇಲೆ ನಾವು ಊಟಕ್ಕೆ ಹೋಗುತ್ತಿದ್ದುದು ಸ್ಟೇಶನ್ ಬಾಜುವಿನ ಒಂದು ಖಾನಾವಳಿಗೆ. ನಡೆಸುತ್ತಿದ್ದವಳು ವಯಸ್ಸಾದ ಹೆಣ್ಣುಮಗಳು. ಒಂದು ರವಿವಾರ ನಾನೂ ಅವರೂ ಏನೋ ಜೋರಾಗಿ ವಾದಿಸುತ್ತಿದ್ದೆವು. ಆಕೆ ರೊಟ್ಟಿಯ ಬುಟ್ಟಿ ಹಿಡಿದು ನಮ್ಮ ಹತ್ತಿರ ಬಂದು ನಿಂತು, ದನಿ ತಗ್ಗಿಸಿ ಕೇಳಿದಳು. "ತಪ್ಪ ತಿಳೀಬ್ಯಾಡವಾ. ಭಾಳ ದಿನದಿಂದ ನೋಡಾಕತ್ತೀನಿ. ವಾರಕ್ಕೊಮ್ಮೆ ಬರ್ತೀರಿ, ಒಬ್ರು ಆ ಕಡೆ, ಒಬ್ರು ಈ ಕಡೆ ಹೊಕ್ಕೀರಿ. ಮನ್ಯಾಗ ಒಪ್ಪಿಲ್ಲೇನು?"

ನನಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಅವರು ಮಾತ್ರ ಗಂಭೀರವಾಗಿ ಉತ್ತರ ಕೊಟ್ಟರು. "ಮನ್ಯಾಗೆಲ್ಲಾರೂ ಒಪ್ಯಾರಬೇ. ಲಗ್ನಾನೂ ಆಗೇತಿ. ನಾವಿಬ್ರೂ ಇನ್ನ ಒಪ್ಪಾಕತ್ತೀವಿ."

ಆಕೆ ನನ್ನ ತಾಟಿಗೊಂದು, ಅವರ ತಾಟಿಗೊಂದು ಬಿಸಿ ರೊಟ್ಟಿ ಹಾಕಿದಳು.

"ಹಂಗಾರ ಹೊಟ್ಟಿ ತುಂಬ ಉಣ್ರಿ" ಎಂದಳು. "ಅದಕ್ಕ ಭಾಳ ವ್ಯಾಳ್ಯಾ ಹಿಡೀತೈತಿ."