ಬಟ್ಟಲಲ್ಲಿ ಎಳ್ಳೆಣ್ಣೆ

ಬೆಳಿಗ್ಗೆ ಉಪ್ಪಿನಕಾಯಿಗೆ ಎಳ್ಳೆಣ್ಣೆ ಸುರಿಯುವಾಗ ಒಂದು ಹನಿ ಪಕ್ಕದ ನೀರಿನ ಬಟ್ಟಲಿಗೆ ಬಿತ್ತು. ಕೆಲಸ ಬಿಟ್ಟು ಅದನ್ನೇ ನೋಡುತ್ತ ನಿಂತೆ. ನೀವು ನಕ್ಕರೆ ತಪ್ಪಿಲ್ಲ. ಒಂದು ಕಾಲದಲ್ಲಿ ಅದೇ ನನ್ನ ಓದಾಗಿತ್ತು.

ತೆಲಂಗಾಣ ರಾಜ್ಯವಾದ ಹೊಸತು. ಸಿದ್ಧ ವೈದ್ಯದ ಹಳೆಯ ಪರೀಕ್ಷೆಯೊಂದರಿಂದ ಸಕ್ಕರೆ ಕಾಯಿಲೆಯ ತೊಂದರೆಗಳು ತಿಳಿಯುತ್ತವೆಯೇ ಎಂದು ನಾನು ನೋಡಬೇಕಿತ್ತು. ಬೆಳಗಿನ ಮೊದಲ ಮೂತ್ರದ ಮೇಲೆ ಎಳ್ಳೆಣ್ಣೆಯ ಹನಿ ಬಿಟ್ಟು, ಅದು ಹಾವಿನಂತೆ ಉದ್ದವಾದರೆ ವಾತ, ಉಂಗುರವಾದರೆ ಪಿತ್ತ, ಮುತ್ತಿನಂತೆ ನಿಂತರೆ ಕಫ ಎಂದು ಗುರುತಿಸಿ, ಆಮೇಲೆ ರಕ್ತಪರೀಕ್ಷೆಯೊಂದಿಗೆ ಹೋಲಿಸುವುದು. ಬಸ್ಸಿನಲ್ಲಿ ಕಿಟಕಿ ತೆರೆಯಿರಿ ಎನ್ನಲೂ ಹಿಂಜರಿಯುವ ನಾನು ನಾರಾಯಣಪೇಟೆ, ಗದ್ವಾಲಗಳಲ್ಲಿ ಹಿರಿಯರ ಬಾಗಿಲಿಗೆ ಹೋಗಿ ಕೇಳಬೇಕಾಗಿದ್ದುದು ಇದನ್ನು!

ಮಕ್ತಲಿನಲ್ಲಿ ಸೋದರತ್ತೆಯ ಮನೆಯಲ್ಲಿ ಇಳಿದಿದ್ದೆ. ಅವರ ಪಾದಗಳು ಜೋಮು ಹಿಡಿದಿದ್ದವು. ಚಪ್ಪಲಿ ಕಳಚಿದ್ದೂ ತಿಳಿಯದೆ ಅಂಗಳ ದಾಟುತ್ತಿದ್ದರು. ಹಿಮ್ಮಡಿಯಲ್ಲಿ ಮುಳ್ಳಿನ ಗಾಯ, ನೋವೇ ಇಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ರಕ್ತಪರೀಕ್ಷೆ ಎಂದರೆ ಮಾತ್ರ ಸೂಜಿ ಒಲ್ಲೆ ಎನ್ನುತ್ತಿದ್ದರು. “ರಾಜ್ಯ ಹೊಸಾದು ಬಂತವ್ವ, ಕಾಲು ಹಳೇವ ಅದಾವ,” ಎಂದು ನಗುತ್ತಿದ್ದರು. ಎಣ್ಣೆಯ ಪರೀಕ್ಷೆಗೆ ಮಾತ್ರ ಒಪ್ಪಿದರು, ಓಣಿಯವರನ್ನೂ ಒಪ್ಪಿಸಿದರು.

ಮೊದಲ ದಿನ ಹಾವೂ ಇಲ್ಲ, ಮುತ್ತೂ ಇಲ್ಲ. ಯಾರ ಬಟ್ಟಲಲ್ಲಿ ಬಿಟ್ಟರೂ ಹನಿ ತೆಳ್ಳಗೆ ಹರಡಿ ಕಾಣದಾಗುತ್ತಿತ್ತು. ಇಡೀ ಓಣಿಗೆ ಒಂದೇ ರೋಗವೇ ಎಂದು ಕಂಗೆಟ್ಟು, ಖಾಲಿ ಬಟ್ಟಲೊಂದನ್ನು ಮೂಸಿದೆ: ನಿಂಬೆಯ ವಾಸನೆ, ಬಟ್ಟೆ ಸೋಪಿನದು. ನಾನು ಕೊಟ್ಟ ಬಟ್ಟಲುಗಳನ್ನೆಲ್ಲ ಹಿಂದಿನ ಸಂಜೆ ಅತ್ತೆಯೇ ಸೋಪಿನ ಪುಡಿ ಹಾಕಿ ತಿಕ್ಕಿ, ನೀರಲ್ಲಿ ತೊಳೆಯದೆ ಬರೀ ಒರೆಸಿ ಹಂಚಿದ್ದರಂತೆ. ಉಳಿದ ಸೋಪೇ ಎಣ್ಣೆಯನ್ನು ಹರಡಿಸಿತ್ತು.

“ಕೊಡೂದ ನಾಚಿಕಿ ಕೆಲಸ. ಬಟ್ಟಲರ ಘಮ್ ಅನ್ನಬೇಕ ಬ್ಯಾಡ?” ಎಂದರು.

ಮರುದಿನ ಬರಿ ನೀರಲ್ಲಿ ಚೆನ್ನಾಗಿ ತೊಳೆದ ಬಟ್ಟಲುಗಳು. ಅತ್ತೆಯದರಲ್ಲಿ ಹನಿ ಮುತ್ತಿನಂತೆ ಗುಂಡಗೆ ನಿಂತಿತು. ನನ್ನ ಭುಜದ ಮೇಲಿಂದ ಬಗ್ಗಿ ಕೇಳಿದರು, “ಏನಂತೈತಿ?”

ಸಕ್ಕರೆ ಕಾಯಿಲೆ ಎಂದುಬಿಟ್ಟರೆ ಆಸ್ಪತ್ರೆಗೆ ಬರುತ್ತಿದ್ದರೇನೋ. ಆದರೆ ಗೊತ್ತಿಲ್ಲದ್ದನ್ನು ಗೊತ್ತೆನ್ನಲು ಮನಸ್ಸು ಒಪ್ಪಲಿಲ್ಲ.

“ಇದೊಂದರಿಂದ ಹೇಳಾಕ ಬರೂದಿಲ್ಲತ್ತಿ. ಎಣ್ಣಿ ಖರೆ ಹೇಳ್ತೈತೋ ಸುಳ್ಳೋ, ಅದ ಗೊತ್ತಿಲ್ಲ. ರಕ್ತ ನೋಡಿದರ ತಿಳೀತೈತಿ.”

ಅತ್ತೆ ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡರು. “ನಡಿ ಹಂಗಾರ. ನನ್ನ ಸಲುವಾಗಿ ಅಲ್ಲ ಮತ್ತ, ಎಣ್ಣಿ ಸಲುವಾಗಿ.”

ರಕ್ತದಲ್ಲಿ ಸಕ್ಕರೆ ಬೇಕಾದಷ್ಟಿತ್ತು. ಔಷಧಿ ಶುರುವಾಯಿತು, ಗಾಯ ಮಾಯಿತು. ಎಣ್ಣೆ ಮಾತ್ರ ಕೆಲವರಲ್ಲಿ ರಕ್ತದ ಮಾತಿಗೆ ಕೂಡಿತು, ಕೆಲವರಲ್ಲಿ ಕೂಡಲಿಲ್ಲ. ನಾನು ಪ್ರಬಂಧದಲ್ಲಿ ಹಾಗೆಯೇ ಬರೆದು ಒಪ್ಪಿಸಿದೆ.

ಇವತ್ತಿನ ಹನಿ ಬಟ್ಟಲ ಅಂಚಿಗೆ ಸರಿದು ಅಂಟಿಕೊಂಡಿದೆ. ಕೈ ಒರೆಸಿಕೊಂಡು ಮಕ್ತಲಿಗೆ ಫೋನು ಮಾಡಿದೆ. ಸುಮ್ಮನೆ ಫೋನು ಮಾಡುವವಳು ನಾನಲ್ಲವೆಂದು ಅತ್ತೆಗೆ ಗೊತ್ತು.

“ಕಾಲಾಗ ಅದಾವವ್ವ ಚಪ್ಪಲಿ,” ಎಂದರು ನಾನು ಕೇಳುವ ಮೊದಲೇ. “ಬಗ್ಗಿ ನೋಡೀನಿ.”