ಶಿವನ ಕೈಯಲ್ಲಿ ಸೂಜಿ

ನನ್ನ ಮೊಮ್ಮಗಳು ಚಿತ್ರ ಬರೆಯುತ್ತಾಳೆ. ಇದನ್ನು ಸವಣೂರಿನ ಸಂತೆಯಲ್ಲಿ ಹೇಳಿದ್ದೇನೆ, ಯಲವಿಗಿ ಸ್ಟೇಷನ್ನಿನಲ್ಲಿ ಗುರುತಿಲ್ಲದವರನ್ನು ನಿಲ್ಲಿಸಿಕೊಂಡು ಹೇಳಿದ್ದೇನೆ, ಈಗ ನಿಮಗೂ ಬರೆದು ಹೇಳುತ್ತಿದ್ದೇನೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಅಕ್ಷರ ಸೊಟ್ಟಗಿದ್ದರೆ ಇರಲಿ, ಖುಷಿ ನೆಟ್ಟಗಿದೆ.

ಅವಳು ಧಾರವಾಡದಲ್ಲಿ ಕಲಿತದ್ದು ಹಿಂದಿನ ರಾಜರ ಆಸ್ಥಾನದ ಪದ್ಧತಿಯ ಚಿತ್ರ. ಸಣ್ಣ ಚಿತ್ರ, ತೊಡೆಯ ಮೇಲೆ ಇಟ್ಟುಕೊಂಡು ನೋಡುವಂಥದ್ದು. ಹಾನಗಲ್ಲಿನಲ್ಲಿ ನನ್ನ ತಮ್ಮ ಕಲ್ಯಾಣ ಮಂಟಪ ಕಟ್ಟಿಸಿದಾಗ, ಬಾಗಿಲ ಹತ್ತಿರ ಹಾಕಲು ಶಿವನ ಸಂಸಾರದ ಚಿತ್ರ ಬೇಕೆಂದು ಅವಳಿಗೆ ಹೇಳಿದ. ಮಂದಿ ನೋಡುವ ಜಾಗದಲ್ಲಿ ಅವಳ ಕೈಕೆಲಸ ತೂಗುವುದು ಅದೇ ಮೊದಲು. ಮಳೆಗಾಲ ಪೂರ್ತಿ ಬೆನ್ನು ಬಗ್ಗಿಸಿ ಬರೆದಳು.

ಚಿತ್ರದಲ್ಲಿ ಶಿವ ಮರದ ಕೆಳಗೆ ಹುಲಿಚರ್ಮದ ಮೇಲೆ ಕುಳಿತು ಕೌದಿ ಹೊಲಿಯುತ್ತಿದ್ದಾನೆ. ಹಳೆಯ ಸೀರೆಯ ತುಂಡು ಜೋಡಿಸಿ ನಾವು ಹೊಲಿಯುತ್ತೇವಲ್ಲ, ಅದೇ ಕೌದಿ. ಪಕ್ಕದಲ್ಲಿ ಪಾರ್ವತಿ ಅವನಿಗೆ ರುಂಡಮಾಲೆ ಪೋಣಿಸುತ್ತಿದ್ದಾಳೆ. ನಂದಿಗೆ ನಿದ್ದೆ. ಉತ್ತರದ ಬೆಟ್ಟಸೀಮೆಯ ರಾಜರು ನಿಜವಾಗಿಯೂ ಇಂಥದನ್ನು ಬರೆಸಿದ್ದರಂತೆ. ಕುಡಿಯುವ ನೀರಿಗೂ ಆಳನ್ನು ಕೂಗುವ ದೊರೆ, ದೇವರ ಕೈಗೆ ಸೂಜಿ ಕೊಡಿಸಿ, ತಾನು ಲೋಡಿಗೆ ಒರಗಿ ಭಕ್ತಿಯಿಂದ ನೋಡುತ್ತಿದ್ದನಂತೆ. ದುಡಿಯುವವನು ದೇವರಾದರೂ ಆದೀತು, ತಾನಾಗಬಾರದು ನೋಡಿ.

ನಮ್ಮ ಮನೆಯವರು ಚಿತ್ರ ನೋಡಿ ಎದ್ದು ಹೊರಗೆ ಹೋದರು. ಅವರ ಅಂಗಿಗೆ ಗುಂಡಿ ಹಚ್ಚಿ ಹಚ್ಚಿ ನನ್ನ ಕಣ್ಣು ಮಂಜಾಗಿವೆ.

ಚಿತ್ರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಾನೂ ಮೊಮ್ಮಗಳೂ ಹಾನಗಲ್ಲಿಗೆ ಹೋದೆವು. ತಮ್ಮ ಬಿಚ್ಚಿ ನೋಡಿದ.

"ಇದೇನ ಅಕ್ಕಾ, ಸಾಲಿ ಹುಡುಗರ ಪಾಟಿಯಷ್ಟೈತಿ! ಅಕ್ಕಿ ಮಿಲ್ಲಿನ ಕ್ಯಾಲೆಂಡರ್ ಇದಕ್ಕಿಂತ ದೊಡ್ಡದಿರತೈತಿ."

"ಸಮೀಪ ಬಂದು ನೋಡ್ರಿ ಅಜ್ಜಾರ," ಎಂದಳು ಮೊಮ್ಮಗಳು.

ಸಮೀಪ ಬಂದದ್ದೇ ತಪ್ಪಾಯಿತು. ಸೂಜಿ ಕಂಡಿತು.

"ಎಲಾ ಇವಳ! ಶಿವನ ಕೈಯಾಗ ಸೂಜಿ? ಬೀಗರು ನಗಂಗಿಲ್ಲೇನು? ಅದು ಹೆಂಗಸರ ಕೆಲಸ. ಅಳಿಸಿ ತ್ರಿಶೂಲ ಹಿಡಸು. ಇಲ್ಲಂದ್ರ ತಗೊಂಡು ಹೋಗು."

ಹುಡುಗಿಯ ಮುಖ ಇಳಿದುಹೋಯಿತು. ನನಗೆ ತಡೆಯಲಾಗಲಿಲ್ಲ.

"ಬೆರಳು ನೋಡೋ ತಮ್ಮಾ. ಚಿವುಟಿ ಹಿಡದ ಬೆರಳಾಗ ತ್ರಿಶೂಲ ಹೆಂಗ ನಿಲ್ಲತೈತಿ? ಬರೇ ಸೂಜಿ ಅಳಿಸಿದ್ರ ಶಿವ ನಶ್ಯ ಏರಸಾಕತ್ತಂಗ ಕಾಣತಾನ. ಥೇಟ್ ನಿನ್ನಂಗ."

ಒಳಗಿನಿಂದ ಅವನ ಹೆಂಡತಿ ಕಿಸಕ್ಕನೆ ನಕ್ಕಳು. ನಶ್ಯದ ಡಬ್ಬಿ ಇದ್ದ ಕಿಸೆಯಿಂದ ತಮ್ಮ ಕೈ ತೆಗೆದ.

"ಅಳಸೂದಿಲ್ರಿ ಅಜ್ಜಾರ. ಬ್ಯಾಡಂದ್ರ ಒಯ್ತೇನಿ," ಎಂದಳು ಮೊಮ್ಮಗಳು. ಕೈ ಆಗಲೇ ಟವೆಲ್ಲು ಸುತ್ತುತ್ತಿತ್ತು.

ಅಕ್ಕನ ಬಾಯಿಗೆ ಹೆದರಿದನೋ ಹೆಂಡತಿಯ ನಗುವಿಗೋ, ತಮ್ಮ ಇಳಿದು ಬಂದ. "ಹೆಂಗಸರ ಕೆಲಸ ಹೆಂಗಸರ ಕೋಣ್ಯಾಗ ಇರಲಿ," ಎಂದು ಮದುಮಗಳು ಸಿಂಗರಿಸಿಕೊಳ್ಳುವ ಕೋಣೆಯಲ್ಲಿ, ಕನ್ನಡಿಯ ಪಕ್ಕ ಮೊಳೆ ಹೊಡೆಸಿದ. ಗಂಡಸರ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟೆನೆಂದು ಅವನ ಲೆಕ್ಕ. ಬಸ್ಸಿನಲ್ಲಿ ಮೊಮ್ಮಗಳ ಪಾಲಿನದನ್ನೂ ಸೇರಿಸಿ ನಾನೇ ಶಿಗ್ಗಾಂವಿಯವರೆಗೆ ತಮ್ಮನನ್ನು ಬಯ್ದೆ.

ಮುಂದಿನ ಮದುವೆ ತಿಳವಳ್ಳಿಯ ಹುಡುಗಿಯದು. ಜಡೆ ಹಾಕಿಸಿಕೊಳ್ಳುತ್ತಾ ಕುಳಿತವಳು ಚಿತ್ರವನ್ನು ನೋಡಿದಳು, ಫೋಟೊದ ನೆಪ ಮಾಡಿ ಮದುಮಗನನ್ನು ಒಳಗೆ ಕರೆಸಿದಳು.

"ನೋಡ್ರಿ, ಶಿವನೇ ಕೌದಿ ಹೊಲಿಯಾಕತ್ತಾನ. ನಿಮಗ ಗುಂಡೀನರ ಹಚ್ಚಾಕ ಬರತೈತೋ ಇಲ್ಲೋ?"

ಅವನು ಚಿತ್ರದ ಪಕ್ಕ ತಬ್ಬಿಬ್ಬಾಗಿ ನಿಂತ ಫೋಟೊ ಎಲ್ಲರ ಮೊಬೈಲಿಗೂ ಹೋಯಿತು. ಹಿರೇಕೆರೂರಿನವರು ಮದುವೆಗೆ ಮಂಟಪ ಕೇಳಲು ಬಂದಾಗ, "ಕೌದಿ ಶಿವ ಇರೋದು ಇಲ್ಲೇ ಏನ್ರಿ?" ಎಂದರಂತೆ. ಮರುದಿನವೇ ಚಿತ್ರ ಮುಂಬಾಗಿಲಿಗೆ ಬಂತು, ಮೇಲೊಂದು ದೀಪ ಬೇರೆ.

ಸುದ್ದಿ ಕೇಳಿ ನಾವಿಬ್ಬರೂ ಓಡಿದೆವು. ದೀಪದ ಕೆಳಗೆ ನನ್ನ ಮೊಮ್ಮಗಳ ಶಿವ! ಎದೆ ತುಂಬಿ ಬಂತು. ಪಕ್ಕದಲ್ಲೇ ತಮ್ಮ ನಿಂತು ಬಂದವರಿಗೆ ವಿವರಿಸುತ್ತಿದ್ದ:

"ಸೂಜಿ ಇರಲೇಬೇಕಂತ ನಾನ ಹೇಳಿ ಬರಿಸೇನ್ರಿ. ಸಣ್ಣ ಹುಡುಗಿ, ಅದಕ್ಕೇನ ತಿಳೀತಿತ್ತು?"

ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ನುಗ್ಗಿದೆ. ಮೊಮ್ಮಗಳು ಮೊಳಕೈ ಹಿಡಿದು ಜಗ್ಗಿದಳು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಬಿಡ ಆಯಿ. ಚಿತ್ರ ಬರಿಸಿದ ಆ ರಾಜರೂ ಹಿಂಗ ನಿಂತು ಹೇಳಿರಬೇಕು."