ದೀಪ ಕೊಡದ ಹೆಂಗಸು

ನಂಬದಿದ್ದರೆ ಬಿಡಿ. ನಿಮ್ಮನ್ನು ನಂಬಿಸಿ ನನಗೆ ಆಗಬೇಕಾದ್ದು ಏನೂ ಇಲ್ಲ. ಹಗಲೆಲ್ಲ ಹೊಳೆನರಸೀಪುರದ ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿಯಲ್ಲಿ ನಿಂತು ಕಾಲು ನೋಯಿಸಿಕೊಳ್ಳುವವನು ನಾನು. ಕಥೆ ಕಟ್ಟುವ ಪುರುಸೊತ್ತು ನನಗಿಲ್ಲ. ಇದು ನಡೆದದ್ದು, ನನಗೇ ನಡೆದದ್ದು.

ರಾತ್ರಿ ಹೊತ್ತು ನನ್ನದೊಂದು ವೀಡಿಯೋ ಚಾನಲ್ ಇತ್ತು. ನಾಲ್ಕು ವರ್ಷ ಕಷ್ಟಪಟ್ಟು ಬೆಳೆಸಿದ್ದು. ಒಂದೇ ಒಂದು ಕಂಪ್ಯೂಟರ್ ಆಟದ ಬಗ್ಗೆ. ಆಟದ ಹೆಸರು ಹೇಳುವುದಿಲ್ಲ, ಹೇಳಿದರೆ ಅದರ ಅಭಿಮಾನಿಗಳು ಇಲ್ಲಿಗೂ ಬಂದು ಜಗಳ ತೆಗೆಯುತ್ತಾರೆ. ಅದರಲ್ಲಿ ಹೊಳೆ ದಡದ ಒಂದು ಹಳ್ಳಿ ಇದೆ. ಅಲ್ಲಿ ಯಾರಿಗೆ ಯಾರು ಏನಾಗಬೇಕು ಎಂದು ಆಟ ಎಲ್ಲೂ ಹೇಳುವುದಿಲ್ಲ. ಅದನ್ನು ಊಹಿಸಿ ಹೇಳುವುದೇ ನಮ್ಮಂಥವರ ಹುಚ್ಚು.

ಆ ಹಳ್ಳಿಯಲ್ಲಿ ದೋಣಿ ನಡೆಸುವ ಮುದುಕ ಒಬ್ಬ, ದೀಪ ಮಾರುವ ಹೆಂಗಸು ಒಬ್ಬಳು. ಇಬ್ಬರೂ ಎಂದೂ ಮಾತಾಡುವುದಿಲ್ಲ. ಆದರೆ ಮುದುಕ ಸತ್ತ ಮೇಲೆ ಅವಳು ದೀಪ ಮಾರುವುದಿಲ್ಲ, ತಲೆ ಬಾಚುವುದಿಲ್ಲ, ಯಾರನ್ನೂ ಮುಟ್ಟುವುದಿಲ್ಲ. ಆಟದ ಲೆಕ್ಕದಲ್ಲಿ ಹನ್ನೊಂದು ದಿನ. ಹೊರದೇಶದವರೆಲ್ಲ ಇದು ಆಟದ ದೋಷ ಎಂದು ಬರೆದರು. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಇದು ಸೂತಕ. ಅವಳು ಆ ಮುದುಕನ ಗುಟ್ಟಿನ ಮಗಳು.

ಇದನ್ನು ಹೇಳಿದ್ದೇ ತಡ, ಮಹೇಶ ಬಂದ.

ಮಹೇಶ ಯಾರು ಎಂದರೆ ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯವನು. ಮುಖ ಕಂಡವನಲ್ಲ. ಎರಡು ವರ್ಷದಿಂದ ನನ್ನ ಪ್ರತಿ ವೀಡಿಯೋದ ಕೆಳಗೂ ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದ. ಅವನ ಹೆಸರು ಕಂಡರೆ ಸಾಕು, ನನಗೆ ಮೈ ಉರಿಯುತ್ತಿತ್ತು.

“ಲೇ, ಆಟ ಮಾಡ್ದೋರು ಯಾವ್ದೋ ದೇಶದೋರು. ಅವ್ರಿಗೇನ್ಲಾ ಗೊತ್ತು ಸೂತಕ? ಒಂದೇ ರಕ್ತ ಅಂತ ಆಟದೊಳ್ಗೇ ತೋರ್ಸು. ಇಲ್ಲಾಂದ್ರೆ ಚಾನಲ್ ಮುಚ್ಕೊಂಡ್ ಓಗು,” ಎಂದು ಬರೆದ.

ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು. ಭಾನುವಾರದೊಳಗೆ ತೋರಿಸುತ್ತೇನೆ, ಆಗದಿದ್ದರೆ ಚಾನಲ್ ಮುಚ್ಚುತ್ತೇನೆ ಎಂದು ಎಲ್ಲರೆದುರು ಸವಾಲು ಹಾಕಿಬಿಟ್ಟೆ. ಅದಕ್ಕೂ ಅವನದೊಂದು ಉತ್ತರ ಬಂತು.

“ಊರ್ ಬಾಗ್ಲಲ್ಲೇ ಅಕ್ಕಿ ಗಿರಣಿ, ಪಕ್ಕದ್ ಮನೆ ನಮ್ದು. ಧಮ್ ಇದ್ರೆ ಬಾ. ನೀನ್ ಬರ್ದಿದ್ರೆ ನಾನೇ ನಿನ್ ಆಟದೊಳಿಕ್ಕೆ ಬತ್ತೀನಿ ಕಣ್ಲಾ.”

ಆಮೇಲೆ ಆ ವಾರವೆಲ್ಲ ಸದ್ದಿಲ್ಲ. ಬಾಲ ಮುದುರಿಕೊಂಡ ಅಂದುಕೊಂಡು ಖುಷಿಪಟ್ಟೆ.

ಶನಿವಾರ ರಾತ್ರಿ ಹನ್ನೊಂದು. ಅಪ್ಪ, ಅಮ್ಮ ಮಲಗಿದ್ದರು. ರೆಕಾರ್ಡಿಂಗ್ ಹಾಕಿ, ಹೆಡ್‌ಫೋನ್ ಸಿಕ್ಕಿಸಿಕೊಂಡು ಆಟ ಶುರು ಮಾಡಿದೆ. ಕಿವಿಯಲ್ಲಿ ಹೊಳೆಯ ಸದ್ದು... ಮಾಗಿ ಚಳಿಗೆ ಬೆರಳು ಸೆಟೆದುಕೊಂಡಿದ್ದವು.

ಆಟದ ಹಳ್ಳಿಯೊಳಗೆ ಕಾಲಿಟ್ಟೆ. ನೀರು ಸೇದುತ್ತಿದ್ದವನು ಬಿಂದಿಗೆ ಅಲ್ಲೇ ಬಿಟ್ಟು ಹಿಂದೆ ಸರಿದ. ಸೂತಕದವನನ್ನು ಕಂಡ ಹಾಗೆ ಅಂಗಡಿಯವನು ಬಾಗಿಲು ಎಳೆದುಕೊಂಡ. ಸಾವಿರ ಸಲ ಆಡಿದ್ದೇನೆ, ಒಮ್ಮೆಯೂ ಹೀಗಾಗಿಲ್ಲ. ಮುದುಕ ದೋಣಿಯಲ್ಲಿ ಬದುಕಿಯೇ ಇದ್ದ. ಹಾಗಾದರೆ ಸತ್ತವರು ಯಾರು?

ದೀಪದ ಹೆಂಗಸಿನ ಮುಂದೆ ನಿಂತೆ. ಅವಳ ಮಾತು ಮೂರೇ ವಾಕ್ಯ, ನನಗೆ ಬಾಯಿಪಾಠ. ಆ ರಾತ್ರಿ ಅವಳು ದೀಪ ಕೊಡಲು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಕೆಳಗೆ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಮೂಡಿದವು. ಅದರ ಅರ್ಥ ಇಷ್ಟು:

“ನಿನ್ನ ಮನೆಯಲ್ಲಿ ಸಾವಾಗಿದೆ. ನನ್ನನ್ನು ಮುಟ್ಟಬೇಡ.”

ಆಗಲೇ ಆ ವಾಸನೆ ಬಂದದ್ದು. ಆಗ ತಾನೇ ಆರಿದ ಎಣ್ಣೆ ಬತ್ತಿಯ ವಾಸನೆ... ನನ್ನ ಕೋಣೆಯಲ್ಲಿ.

ಎದ್ದು ಹೋಗಿ ಅಪ್ಪ ಅಮ್ಮನ ಕೋಣೆಯ ಬಾಗಿಲಿಗೆ ಕಿವಿ ಕೊಟ್ಟೆ. ಇಬ್ಬರ ಉಸಿರಾಟವೂ ಕೇಳಿಸಿತು. ಭಯ ಇಳಿದ ಕೂಡಲೇ ಕೋಪ ಏರಿತು. ಇದು ಮಹೇಶನದೇ ಕಿತಾಪತಿ, ಎಲ್ಲಿಂದಲೋ ನನ್ನ ಕಂಪ್ಯೂಟರಿಗೆ ಕೈ ಹಾಕಿದ್ದಾನೆ. ನಾಳೆ ಅವನ ಮಾತೇ ಗೆಲ್ಲುತ್ತದೆ, ನನ್ನ ನಾಲ್ಕು ವರ್ಷ ಹೊಳೆಪಾಲು. ಹಲ್ಲು ಕಚ್ಚಿಕೊಂಡು ಬೈಕ್ ತೆಗೆದೆ.

ದಾರಿಯಲ್ಲಿ ಒಂದು ಗಾಡಿಯೂ ಎದುರಾಗಲಿಲ್ಲ. ಅವನಿಗೆ ಬಯ್ಯಬೇಕಾದ್ದನ್ನೆಲ್ಲ ಬಾಯಲ್ಲಿ ಹೇಳಿಕೊಳ್ಳುತ್ತಲೇ ಹೋದೆ. ಆ ವಾಸನೆ ಮಾತ್ರ ಅಷ್ಟು ಗಾಳಿಗೂ ಬಿಟ್ಟು ಹೋಗಲಿಲ್ಲ.

ಗಿರಣಿ ಸಿಕ್ಕಿತು. ಪಕ್ಕದ ಮನೆಯ ಬಾಗಿಲು ತೆರೆದೇ ಇತ್ತು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಒಂದರ ಮೇಲೊಂದು. ಜಗಲಿಯ ಮೇಲೆ ಒಬ್ಬ ವಯಸ್ಸಾದ ಹೆಂಗಸು ಕಂಬಳಿ ಹೊದ್ದು ಎದ್ದೇ ಕೂತಿದ್ದಳು.

“ಮಹೇಶನ ತಾಯೇನ್ರಿ ನೀವು? ಕರೀರಿ ಅವನ್ನ,” ಅಂದೆ.

ಆಕೆ ಎದ್ದು ಬಂದು ನನ್ನ ಮುಖವನ್ನೇ ನೋಡಿದಳು. ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟಿತ್ತು.

“ನಿಮ್ಮಣ್ಣ ಸತ್ತು ಆರ್ ದಿನ ಆಯ್ತು. ಈಗ್ ಬಂದ್ಯಾ?”

“ನಂಗೆ ಯಾವ ಅಣ್ಣಾನೂ ಇಲ್ಲ.”

“ಓಗಿ ನಿಮ್ಮಪ್ಪನ್ನ ಕೇಳು.”

ಬಾಗಿಲಾಚೆ ನೆಲದ ಮೇಲೆ ಒಂದು ದೀಪ ಉರಿಯುತ್ತಿತ್ತು. ಅದರ ಹಿಂದೆ ಹಾರ ಹಾಕಿದ ಫೋಟೋ. ಮೊದಲ ಸಲ ಮಹೇಶನ ಮುಖ ಕಂಡೆ. ಅದೇ ಮೂಗು, ಅದೇ ಕೂಡಿದ ಹುಬ್ಬು. ನಮ್ಮಪ್ಪನ ಹರೆಯದ ಫೋಟೋವನ್ನೇ ಯಾರೋ ಅಲ್ಲಿಟ್ಟ ಹಾಗಿತ್ತು.

“ಮಾತಾಡ್ಸಾಕೆ ಧೈರ್ಯ ಇಲ್ಲ, ಜಗ್ಳನಾದ್ರೂ ಆಡ್ತೀನಿ ಬುಡವ್ವ ಅಂತಿದ್ದ,” ಅಂದಳು ಆಕೆ. “ನಿನ್ ವೀಡಿಯೋ ಬಂದ್ರೆ ಉಣ್ಣೋದ್ ಬುಟ್ಟು ನೋಡೋನು. ಒಳಿಕ್ಕೆ ಬರ್ಬೇಡ. ಓಗು.”

ಹೇಗೆ ವಾಪಸ್ ಬಂದೆನೋ ತಿಳಿಯದು. ಮನೆಗೆ ಬಂದು ರೆಕಾರ್ಡಿಂಗ್ ಹಾಕಿ ನೋಡಿದೆ. ಅದರಲ್ಲಿ ಅಂಗಡಿ ತೆರೆದೇ ಇದೆ. ದೀಪದ ಹೆಂಗಸು ತನ್ನ ಮೂರು ವಾಕ್ಯ ಹೇಳಿ ನನಗೆ ದೀಪ ಕೊಡುತ್ತಾಳೆ. ಮೂರು ಸಲ ನೋಡಿದೆ, ಮೂರು ಸಲವೂ ಕೊಟ್ಟಳು.

ಒಂದೇ ರಕ್ತ ಅಂತ ಆಟ ನನಗೆ ತೋರಿಸಿತ್ತು. ತೋರಿಸು ಅಂದವನೇ ಇರಲಿಲ್ಲ. ಚಾನಲ್ ಅಳಿಸಿಹಾಕಿದೆ. ನಾನು ಸೋತು ಓಡಿದೆ ಎಂದು ಇವತ್ತಿಗೂ ಆಡಿಕೊಳ್ಳುತ್ತಾರಂತೆ, ಆಡಿಕೊಳ್ಳಲಿ.

ಆ ದಿನ ಬೆಳಗಿನ ಜಾವ ಅಪ್ಪ ಹಿತ್ತಲಲ್ಲಿ ನೀರೊಲೆಗೆ ಉರಿ ಹಾಕುತ್ತಿದ್ದರು. ಎದುರು ಹೋಗಿ ನಿಂತೆ. ಅವರ ಕುತ್ತಿಗೆ ಪಟ್ಟಿ ಹಿಡಿದು ಕೇಳಬೇಕೆನ್ನುವಷ್ಟು ರೋಷವಿತ್ತು. ಬಾಯಿಂದ ಬಂದದ್ದು ಒಂದೇ ಮಾತು.

“ಮಹೇಶ ಹೋಗ್ಬಿಟ್ನಂತೆ.”

ಯಾವ ಮಹೇಶ ಎಂದು ಅಪ್ಪ ಕೇಳಲಿಲ್ಲ. ಕೈಲಿದ್ದ ತೆಂಗಿನ ಗರಿ ಕೆಳಗಿಟ್ಟರು.

“ಯಾವಾಗ್ಲಾ?”

“ಆರ್ ದಿನ ಆಯ್ತು.”

ಅಪ್ಪ ಅಂಗಿ ಬಿಚ್ಚಿದರು. ನೀರು ಇನ್ನೂ ಕಾದಿರಲಿಲ್ಲ, ತಣ್ಣೀರನ್ನೇ ತಲೆ ಮೇಲೆ ಸುರಿದುಕೊಂಡರು. ಆಮೇಲೆ ನನ್ನ ಕಡೆ ನೋಡದೆ ಚೊಂಬು ಚಾಚಿದರು.

“ನೀನೂ ತಲೆಗ್ ನೀರ್ ಉಯ್ಕೊ. ನಿಮ್ಮವ್ವಂಗೆ ಏಳ್ಬೇಡ.”

ಉಯ್ದುಕೊಂಡೆ.

ಅಮ್ಮ ಎದ್ದು ಬಂದು ನಮ್ಮಿಬ್ಬರನ್ನೂ ನೋಡಿ ನಿಂತಳು. “ಈ ಚಳೀಲಿ ಇಬ್ರೂ ಯಾಕ್ಲಾ ತಲೆಗ್ ಉಯ್ಕೊಂಡ್ರಿ?” ಎಂದು ಕೇಳಿದಳು. ಅಪ್ಪ ಟವಲಿನಿಂದ ಮುಖ ಒರೆಸುತ್ತಲೇ ಇದ್ದರು, ಟವಲು ತೆಗೆಯಲೇ ಇಲ್ಲ.

“ಸೆಕೆ ಕಣವ್ವ,” ಅಂದೆ.

ಅಮ್ಮ ಸ್ನಾನ ಮಾಡಿ ಬಂದು ದೇವರ ಮನೆಯಲ್ಲಿ ದೀಪ ಹಚ್ಚಿದಳು. ಅವಳಿಗೂ ಇನ್ನೂ ಐದು ದಿನ ಸೂತಕವಿತ್ತು. ನಾವಿಬ್ಬರೂ ಬಾಗಿಲಲ್ಲೇ ನಿಂತು ನೋಡಿದೆವು, ತಡೆಯಲಿಲ್ಲ.